ಜೆಸಿಬಿ, ಜೆಟ್ಟಿಂಗ್ ಯಂತ್ರ ಕೊಳ್ಳುವ ಪುರಸಭೆ, ನಗರಸಭೆಗಳಿಗಾಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸಣ್ಣ ಊರುಗಳ ಪುರಸಭೆ, ನಗರಸಭೆಗಳಲ್ಲಿ ನಾನು ಬಹಳ ವರ್ಷ ಎಂಜಿನಿಯರ್ ಆಗಿದ್ದೆ. ಯಂತ್ರ ಕೊಳ್ಳುವ ಕಡತಗಳು ನನ್ನ ಮೇಜಿಗೆ ಬರುತ್ತಲೇ ಇದ್ದವು. ಹೊಸದಾಗಿ ಸೇರಿದ ಜೆಇಗಳು (ಕಿರಿಯ ಎಂಜಿನಿಯರ್‌ಗಳು), ಕೌನ್ಸಿಲರ್‌ಗಳು, ಕೆಲವೊಮ್ಮೆ ಮುಖ್ಯಾಧಿಕಾರಿಗಳೂ ಈಗಲೂ ಫೋನ್ ಮಾಡುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇವೇ ಪ್ರಶ್ನೆಗಳು. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಉಪಯೋಗವಾದೀತು ಅನ್ನಿಸಿತು.

"ಬೆಸ್ಟ್ ವ್ಯಾಲ್ಯೂ" ಅಂದರೆ ದುಬಾರಿ ಯಂತ್ರ ಕೊಳ್ಳುವುದಾ?

ಅಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೆನಪು ಮಾಡಿಕೊಳ್ಳಿ. ಮೊದಲು ಹಲ್ಲು ಹಿಡಿದು ವಯಸ್ಸು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಸಾಧ್ಯವಾದರೆ ನೊಗಕ್ಕೆ ಹೂಡಿ ನೋಡುತ್ತಾನೆ. ಆಮೇಲೆ ಬೆಲೆ ಮಾತಾಡುತ್ತಾನೆ. ಇದ್ದುದರಲ್ಲಿ ಅಗ್ಗದ ಎತ್ತನ್ನು ಕಣ್ಣು ಮುಚ್ಚಿ ಹಿಡಿದುಕೊಂಡು ಬರುವವರು ಯಾರೂ ಇಲ್ಲ. ದುಬಾರಿಯದ್ದೇ ಒಳ್ಳೆಯದು ಅಂತ ನಂಬುವವರೂ ಇಲ್ಲ.

ಸರ್ಕಾರಿ ಖರೀದಿಯಲ್ಲಿ ಬೆಸ್ಟ್ ವ್ಯಾಲ್ಯೂ ಅಂದರೂ ಅಷ್ಟೇ. ಯಂತ್ರ ನಮ್ಮ ಅಂಗಳಕ್ಕೆ ಬಂದ ದಿನದಿಂದ ಹರಾಜಾಗುವ ದಿನದವರೆಗೆ ಒಟ್ಟು ಎಷ್ಟು ಖರ್ಚಾಗುತ್ತದೆ, ಅದರಲ್ಲಿ ಎಷ್ಟು ದಿನ ಅದು ನಿಜವಾಗಿ ಕೆಲಸ ಮಾಡುತ್ತದೆ, ಈ ಎರಡನ್ನೂ ಸೇರಿಸಿ ನೋಡುವುದು. ಬೆಲೆಪಟ್ಟಿಯ ಮೊದಲ ಸಾಲು ಆ ಲೆಕ್ಕದ ಒಂದು ಭಾಗ ಮಾತ್ರ.

ಎಲ್‌1ಗೇ, ಅಂದರೆ ಅತಿ ಕಡಿಮೆ ಬೆಲೆಯವರಿಗೇ, ಕೊಡಬೇಕು ಅಂತ ಕಾನೂನೇ ಹೇಳುತ್ತದಲ್ವಾ?

ಎಲ್ಲರೂ ಹಾಗೇ ತಿಳಿದುಕೊಂಡಿದ್ದಾರೆ. ನಾನೂ ಮೊದಲ ಕೆಲವು ವರ್ಷ ಹಾಗೇ ತಿಳಿದಿದ್ದೆ. ಒಂದು ಸಲ ಕೂತು ನಿಯಮಗಳನ್ನು ಪೂರ್ತಿ ಓದಿದಾಗ ಕಣ್ಣು ತೆರೆಯಿತು.

ನಮ್ಮ ರಾಜ್ಯದಲ್ಲಿ ಇದಕ್ಕೆಲ್ಲ ಆಧಾರ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಕಚೇರಿಯಲ್ಲಿ ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. ಅದರ ನಿಯಮಗಳು ಬಂದಿದ್ದು 2000ದಲ್ಲಿ. ಸುಮ್ನೆ "ಕಡಿಮೆ ಬೆಲೆ ಕೂಗಿದವರಿಗೆ ಕೊಡಿ" ಅಂತ ಆ ನಿಯಮಗಳು ಹೇಳುವುದಿಲ್ಲ. ಟೆಂಡರ್ ದಾಖಲೆಯಲ್ಲಿ ಬರೆದ ಅಳತೆಗಳ ಪ್ರಕಾರ ಲೆಕ್ಕ ಹಾಕಿದ ಮೇಲೆ ಯಾರ ಬೆಲೆ ಕಡಿಮೆ ಬರುತ್ತದೋ ಅವರನ್ನು ಆರಿಸಿ ಅನ್ನುತ್ತವೆ. ಇನ್ನೂ ಮುಂದೆ ಹೋಗಿ, ಯಂತ್ರೋಪಕರಣ ಕೊಳ್ಳುವಾಗ ಅದನ್ನು ನಡೆಸುವ ಖರ್ಚು, ನಿರ್ವಹಣೆ ಖರ್ಚು, ಬಿಡಿಭಾಗಗಳ ಖರ್ಚು, ಇವನ್ನು ಇಂತಿಷ್ಟು ವರ್ಷಕ್ಕೆ ಅಂತ ಟೆಂಡರ್‌ನಲ್ಲಿ ಹೇಳಿ, ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತಲೂ ಹೇಳುತ್ತವೆ.

ಅಂದರೆ ದಾರಿ ಮೊದಲಿನಿಂದಲೂ ತೆರೆದೇ ಇದೆ. ನಾವು ನಡೆಯುತ್ತಿಲ್ಲ, ಅಷ್ಟೇ. ಹಳೆಯ ಟೆಂಡರ್ ಪ್ರತಿ ತೆಗೆದು, ದಿನಾಂಕ ಬದಲಿಸಿ, ಅದನ್ನೇ ಮತ್ತೆ ಹಾಕುತ್ತೇವೆ. ಆ ಹಳೆಯ ಪ್ರತಿಯಲ್ಲಿ ಖರೀದಿ ಬೆಲೆ ಬಿಟ್ಟು ಬೇರೆ ಕಾಲಮ್ಮೇ ಇರುವುದಿಲ್ಲ. ಲೆಕ್ಕ ಬೇರೆ ಹೇಗೆ ಬರಬೇಕು?

ಒಂದು ಎಚ್ಚರಿಕೆ. ಟೆಂಡರ್ ತೆರೆದ ಮೇಲೆ "ಇವರದ್ದು ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಡ" ಅನ್ನುವ ಹಾಗಿಲ್ಲ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ, ಎಷ್ಟು ವರ್ಷಕ್ಕೆ, ಯಾವ ಸೂತ್ರದಲ್ಲಿ, ಎಲ್ಲವೂ ಮೊದಲ ದಿನವೇ ಟೆಂಡರ್ ದಾಖಲೆಯಲ್ಲಿ ಇರಬೇಕು. ಆಟ ಶುರುವಾದ ಮೇಲೆ ನಿಯಮ ಬದಲಿಸಿದರೆ ಅದು ಅನ್ಯಾಯ. ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಒಂದು ಲೆಕ್ಕ ಮಾಡಿ ತೋರಿಸಿ. ಬರೀ ಮಾತು ಬೇಡ.

ಸರಿ. ಇಲ್ಲಿರುವ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾನೇ ಇಟ್ಟುಕೊಂಡವು. ಮಾರುಕಟ್ಟೆ ದರ ಅಂತ ತಿಳಿಯಬೇಡಿ. ನಿಮ್ಮ ಊರಿನ ಅಂಕಿ ನೀವು ಹಾಕಿಕೊಳ್ಳಿ.

ಮಣ್ಣು ತೋಡುವ ಯಂತ್ರಕ್ಕೆ ಎರಡು ಕಂಪನಿಗಳು ಬಂದಿವೆ. ಮೊದಲನೆಯದರ ಯಂತ್ರ 32 ಲಕ್ಷ. ಎರಡನೆಯದು 35 ಲಕ್ಷ. ವರ್ಷಕ್ಕೆ 1,000 ಗಂಟೆ ಓಡುತ್ತದೆ, 10 ವರ್ಷ ಇಟ್ಟುಕೊಳ್ಳುತ್ತೇವೆ ಅಂದುಕೊಳ್ಳೋಣ. ಡೀಸೆಲ್ ಲೀಟರಿಗೆ 90 ರೂಪಾಯಿ. ಮೊದಲನೆಯದು ಗಂಟೆಗೆ 6 ಲೀಟರ್ ಕುಡಿಯುತ್ತದೆ, ಎರಡನೆಯದು 5.2 ಲೀಟರ್. 10 ವರ್ಷದ ಸರ್ವೀಸ್ ಮತ್ತು ಬಿಡಿಭಾಗಗಳಿಗೆ ಮೊದಲನೆಯವರು 16 ಲಕ್ಷ ಬರೆದಿದ್ದಾರೆ, ಎರಡನೆಯವರು 13 ಲಕ್ಷ.

ಮೊದಲನೆಯ ಯಂತ್ರದ ಡೀಸೆಲ್ 54 ಲಕ್ಷ. ಯಂತ್ರದ ಬೆಲೆಗಿಂತ ಎಷ್ಟು ಜಾಸ್ತಿ ನೋಡಿ! ಎಲ್ಲ ಸೇರಿ 102 ಲಕ್ಷ. ಎರಡನೆಯದರ ಡೀಸೆಲ್ 46.8 ಲಕ್ಷ, ಎಲ್ಲ ಸೇರಿ 94.8 ಲಕ್ಷ. ಖರೀದಿಯಲ್ಲಿ 3 ಲಕ್ಷ ಉಳಿಸಿದೆವು ಅಂತ ಕಡತ ಮುಚ್ಚಿದವರು 10 ವರ್ಷದಲ್ಲಿ 7.2 ಲಕ್ಷ ಕಳೆದುಕೊಂಡಿರುತ್ತಾರೆ.

ಲೆಕ್ಕಪತ್ರ ಶಾಖೆಯವರು ಇಲ್ಲಿ ಒಂದು ಸರಿಯಾದ ಪ್ರಶ್ನೆ ಎತ್ತುತ್ತಾರೆ. ಇವತ್ತಿನ 3 ಲಕ್ಷಕ್ಕೂ 10 ವರ್ಷದಲ್ಲಿ ಚೂರುಚೂರಾಗಿ ಬರುವ ಹಣಕ್ಕೂ ಒಂದೇ ಬೆಲೆಯಾ? ಅಲ್ಲ. ಅದಕ್ಕೇ ಮುಂದಿನ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ ನೋಡಬೇಕು. ಶೇ. 8ರ ದರ ಹಿಡಿಯೋಣ. ಎರಡನೆಯ ಯಂತ್ರ ವರ್ಷಕ್ಕೆ 1.02 ಲಕ್ಷ ಉಳಿಸುತ್ತದೆ. 10 ವರ್ಷದ ಆ ಉಳಿತಾಯದ ಇವತ್ತಿನ ಬೆಲೆ ಸುಮಾರು 6.84 ಲಕ್ಷ. ಅದರಲ್ಲಿ ಮೊದಲು ಜಾಸ್ತಿ ಕೊಟ್ಟ 3 ಲಕ್ಷ ಕಳೆದರೂ 3.84 ಲಕ್ಷ ಊರಿಗೆ ಲಾಭ. ಯಾವ ದರದಲ್ಲಿ ಇಳಿಸುತ್ತೀರಿ ಅನ್ನುವುದನ್ನೂ ಟೆಂಡರ್‌ನಲ್ಲಿ ಬರೆಯಲು ಮರೆಯಬೇಡಿ.

ಈಗ ಇದೇ ಯಂತ್ರ ವರ್ಷಕ್ಕೆ 300 ಗಂಟೆ ಮಾತ್ರ ಓಡುತ್ತದೆ ಅನ್ನಿ. ಡೀಸೆಲ್ ಉಳಿತಾಯ ವರ್ಷಕ್ಕೆ 21,600 ರೂಪಾಯಿಗೆ ಇಳಿಯುತ್ತದೆ. ಸರ್ವೀಸ್ ಖರ್ಚೂ ಅದೇ ಲೆಕ್ಕದಲ್ಲಿ ಇಳಿದರೆ ಒಟ್ಟು ಉಳಿತಾಯ ವರ್ಷಕ್ಕೆ 30,600. ಇವತ್ತಿನ ಬೆಲೆಯಲ್ಲಿ ಅದು 2 ಲಕ್ಷದ ಆಸುಪಾಸು. ಆಗ 32 ಲಕ್ಷದ ಯಂತ್ರವೇ ಸರಿ. ಎಷ್ಟು ಗಂಟೆ ಓಡುತ್ತದೆ ಅನ್ನುವ ಒಂದು ಅಂಕಿ ಇಡೀ ತೀರ್ಮಾನವನ್ನೇ ತಿರುಗಿಸಿತು, ಅಲ್ವಾ? ಅದಕ್ಕೇ ಅಂದಾಜುಪಟ್ಟಿ ಮಾಡುವ ಮೊದಲು ಹಳೆಯ ಯಂತ್ರದ ಲಾಗ್ ಬುಕ್ ತೆಗೆಯಿರಿ. ಯಂತ್ರ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಿ. ಊಹೆ ಮೇಲೆ ಹೋಗಬೇಡಿ.

ಡೀಸೆಲ್ ಎಷ್ಟು ಕುಡಿಯುತ್ತದೆ ಅಂತ ಕಂಪನಿ ಬರೆದುಕೊಟ್ಟಿದ್ದನ್ನೇ ನಂಬಬೇಕಾ?

ಬೇಡ. ಪರೀಕ್ಷೆ ಮಾಡಿ. ಇದಕ್ಕೆ ದೊಡ್ಡ ಪ್ರಯೋಗಾಲಯ ಏನೂ ಬೇಕಿಲ್ಲ. ಒಂದೇ ಜಾಗ, ಒಂದೇ ಥರದ ಮಣ್ಣು. ಎಲ್ಲ ಕಂಪನಿಗಳ ಯಂತ್ರವೂ ಬರಲಿ. ಟ್ಯಾಂಕ್ ಕಂಠದವರೆಗೆ ತುಂಬಿಸಿ. ನಿಗದಿ ಮಾಡಿದಷ್ಟು ಗಂಟೆ ಗುಂಡಿ ತೋಡಿಸಿ, ಟಿಪ್ಪರ್‌ಗೆ ಮಣ್ಣು ತುಂಬಿಸಿ. ಆಮೇಲೆ ಮತ್ತೆ ಕಂಠದವರೆಗೆ ಡೀಸೆಲ್ ಹಾಕಿ. ಎಷ್ಟು ಹಿಡಿಯಿತೋ ಅಷ್ಟೇ ಕುಡಿದದ್ದು. ಎಷ್ಟು ಟಿಪ್ಪರ್ ಮಣ್ಣು ಎತ್ತಿತು ಅನ್ನುವುದನ್ನೂ ಬರೆದುಕೊಳ್ಳಿ. ಕಡಿಮೆ ಕುಡಿದು ಕಡಿಮೆ ಕೆಲಸ ಮಾಡಿದರೆ ಏನು ಬಂತು? ಎಲ್ಲ ಕಂಪನಿಯವರ ಎದುರಿಗೇ ಮಾಡಿ, ಅವರ ಸಹಿ ಹಾಕಿಸಿ, ವಿಡಿಯೊ ತೆಗೆದು ಕಡತದಲ್ಲಿಡಿ. ಈ ಪರೀಕ್ಷೆ ನಡೆಯುತ್ತದೆ ಅನ್ನುವುದು ಮಾತ್ರ ಟೆಂಡರ್‌ನಲ್ಲಿ ಮೊದಲೇ ಇರಬೇಕು.

ಇನ್ನೊಂದು ಮಾತು. ಲೆಕ್ಕದಲ್ಲಿ ಗೆಲ್ಲಲು ಸರ್ವೀಸ್ ದರವನ್ನು ತೀರಾ ಕಡಿಮೆ ಬರೆಯುವವರು ಇರುತ್ತಾರೆ. ಪುರಸಭೆಯವರು ವಾರಂಟಿ ಮುಗಿದ ಮೇಲೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿಸುವುದೇ ಇಲ್ಲ ಅನ್ನುವುದು ಅವರಿಗೆ ಗೊತ್ತು. ಅದಕ್ಕೇ ಯಂತ್ರದ ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಅದೇ ದರದಲ್ಲಿ ನಿರ್ವಹಣೆ ಒಪ್ಪಂದಕ್ಕೂ ಸಹಿ ಹಾಕಿಸಿ. ಬರೆದುಕೊಟ್ಟದ್ದಕ್ಕಿಂತ ಡೀಸೆಲ್ ಜಾಸ್ತಿ ಕುಡಿದರೆ ವ್ಯತ್ಯಾಸವನ್ನು ಅವರಿಂದಲೇ ವಸೂಲು ಮಾಡುವ ಷರತ್ತೂ ಇರಲಿ.

ಟೆಂಡರ್‌ನಲ್ಲಿ "ಜೆಸಿಬಿ ಬೇಕು" ಅಂತ ಬರೆಯಬಹುದಾ?

ಬರೆಯಬೇಡಿ. ನಮ್ಮ ಬಾಯಲ್ಲಿ ಜೆಸಿಬಿ ಅನ್ನುವುದು ಯಂತ್ರದ ಹೆಸರೇ ಆಗಿಬಿಟ್ಟಿದೆ. ದೊಡ್ಡದಾದರೆ ಹಿಟಾಚಿ ಅನ್ನುತ್ತೇವೆ. ಎರಡೂ ಕಂಪನಿಗಳ ಹೆಸರು. ಟೆಂಡರ್‌ನಲ್ಲಿ ಬ್ಯಾಕ್‌ಹೋ ಲೋಡರ್, ಎಕ್ಸ್‌ಕವೇಟರ್ ಅಂತಲೇ ಬರೆಯಬೇಕು. ಬ್ರಾಂಡ್ ಹೆಸರು ಬರೆದರೆ ಉಳಿದವರಿಗೆ ಬಾಗಿಲು ಹಾಕಿದ ಹಾಗೆ.

ಹೆಸರು ಬರೆಯದೆಯೂ ಬಾಗಿಲು ಹಾಕಬಹುದು. ಒಂದು ಕಂಪನಿಯ ಕರಪತ್ರದಲ್ಲಿರುವ ಎಂಜಿನ್ ಶಕ್ತಿ, ಬಕೆಟ್ ಗಾತ್ರ, ತೋಡುವ ಆಳ ಎಲ್ಲವನ್ನೂ ಹಾಗೆ ಹಾಗೇ ನಕಲು ಮಾಡಿದರೆ ಸಾಕು. ಬೇರೆ ಯಾರೂ ಅದಕ್ಕೆ ಹೊಂದುವುದಿಲ್ಲ. ಕಡತದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಆದರೆ ಸ್ಪರ್ಧೆಯನ್ನು ಕೊಲ್ಲುವುದು ಹೆಚ್ಚಾಗಿ ಇದೇ. "ಇಷ್ಟರಿಂದ ಇಷ್ಟರವರೆಗೆ" ಅಂತ ಬರೆಯಿರಿ. ಅದಕ್ಕಿಂತ ಒಳ್ಳೆಯದು, ನಿಮ್ಮ ಕೆಲಸವನ್ನೇ ವಿವರಿಸಿ. ಎಷ್ಟು ಆಳದ ಚರಂಡಿ, ಎಷ್ಟು ಅಗಲದ ಗಲ್ಲಿ, ದಿನಕ್ಕೆ ಎಷ್ಟು ಲೋಡು. ಹಳೆಯ ಪೇಟೆಯ ಗಲ್ಲಿಗೆ ನುಗ್ಗದ ಯಂತ್ರ ಎಷ್ಟು ಬಲವಾಗಿದ್ದರೂ ಪ್ರಯೋಜನ ಇಲ್ಲ.

ಒಂದೇ ಕಂಪನಿ ಬಂದರೆ?

ಮೊದಲು ನಿಮ್ಮ ಸ್ಪೆಸಿಫಿಕೇಷನ್ನನ್ನೇ ಅನುಮಾನದಿಂದ ನೋಡಿ. ಮೇಲೆ ಹೇಳಿದ ತಪ್ಪು ಅದರಲ್ಲಿರುವ ಸಾಧ್ಯತೆ ಜಾಸ್ತಿ.

ಸರ್ವೀಸ್‌ಗೆ ಯಾಕೆ ಇಷ್ಟು ಒತ್ತು ಕೊಡುತ್ತೀರಿ? ಎಲ್ಲ ಕಂಪನಿಯವರೂ ಕೊಡುತ್ತಾರಲ್ಲ.

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ನನಗೆ ಮುಖ್ಯವಾದದ್ದು ಇದೇ.

ನಾನಿದ್ದ ಒಂದು ಊರಿನಲ್ಲಿ ಒಳಚರಂಡಿ ಸ್ವಚ್ಛ ಮಾಡುವ ಜೆಟ್ಟಿಂಗ್ ಯಂತ್ರ ಕೊಂಡೆವು. ಮೂರು ಕಂಪನಿಗಳು ಬಂದಿದ್ದವು. ಅತಿ ಕಡಿಮೆ ಬೆಲೆಯವರಿಗೆ ಕೊಟ್ಟೆವು. ಟೆಂಡರ್ ಬರೆದವನು ನಾನೇ. ಮೊದಲ ವರ್ಷ ಚೆನ್ನಾಗಿತ್ತು. ಎರಡನೆಯ ವರ್ಷ ಮಳೆಗಾಲದ ಹೊತ್ತಿಗೆ ಹೈ ಪ್ರೆಷರ್ ಪಂಪು ಕೆಟ್ಟಿತು. ಬೇಕಾಗಿದ್ದು ಒಂದು ಸೀಲ್ ಸೆಟ್. ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಕಂಪನಿಗೆ ನಮ್ಮ ರಾಜ್ಯದಲ್ಲಿ ಸರ್ವೀಸ್ ಸೆಂಟರೇ ಇರಲಿಲ್ಲ. ಪತ್ರ ಬರೆದೆವು, ಫೋನ್ ಮಾಡಿದೆವು. ನಾಲ್ಕು ತಿಂಗಳು ಯಂತ್ರ ಶೆಡ್‌ನಲ್ಲಿ ನಿಂತಿತ್ತು. ಮ್ಯಾನ್‌ಹೋಲ್‌ಗಳು ಉಕ್ಕುತ್ತಿದ್ದವು. ಜನ ಬೈಯುತ್ತಿದ್ದರು. ಒಂದು ದಿನ ಬೆಳಿಗ್ಗೆ ಬಸ್ ನಿಲ್ದಾಣದ ಹಿಂದಿನ ಮ್ಯಾನ್‌ಹೋಲ್ ಹತ್ತಿರ ಹೋದಾಗ, ಯಾರೋ ಕರೆಸಿದ್ದ ಇಬ್ಬರು ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದರು. ನಾನು ಕೂಗಿಕೊಂಡು ನಿಲ್ಲಿಸಿದೆ. ಹತ್ತು ನಿಮಿಷ ತಡವಾಗಿ ಹೋಗಿದ್ದರೆ ಏನಾಗುತ್ತಿತ್ತೋ. ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಅಪಾಯಕರ ರೀತಿಯಲ್ಲಿ ಇಳಿಸುವುದನ್ನು 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆ ನಿಷೇಧಿಸಿದೆ. ಸ್ವಚ್ಛತೆಗೆ ಆಧುನಿಕ ತಂತ್ರಜ್ಞಾನ ಬಳಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಒಳಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಣ ಎಷ್ಟಾದರೂ ಹೋದ ಜೀವ ಬರುವುದಿಲ್ಲ. ಒಂದು ಸೀಲ್ ಸೆಟ್ ಸಿಗದೆ ನಿಂತ ಯಂತ್ರದ ನಿಜವಾದ ಬೆಲೆ ಇದು. ಯಾವ ಬೆಲೆಪಟ್ಟಿಯಲ್ಲೂ ಇದು ಕಾಣುವುದಿಲ್ಲ.

ಆದ್ದರಿಂದ "ಸರ್ವೀಸ್ ಕೊಡಲಾಗುವುದು" ಅನ್ನುವ ಒಂದು ಸಾಲಿಗೆ ಒಪ್ಪಬೇಡಿ. ಸರ್ವೀಸ್ ಸೆಂಟರ್ ಎಷ್ಟು ಕಿಲೋಮೀಟರ್ ಒಳಗಿದೆ, ಅಲ್ಲಿ ಎಷ್ಟು ಮೆಕ್ಯಾನಿಕ್‌ಗಳಿದ್ದಾರೆ, ದೂರು ಕೊಟ್ಟ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಇದನ್ನೆಲ್ಲ ಕೇಳಿ. ಬೇಗ ಸವೆಯುವ ಭಾಗಗಳ ಪಟ್ಟಿ ಮಾಡಿ: ಫಿಲ್ಟರ್, ಹೈಡ್ರಾಲಿಕ್ ಹೋಸ್, ಬಕೆಟ್ ಹಲ್ಲು, ಪಿನ್ನು, ಬುಶ್ಶು, ಪಂಪಿನ ಸೀಲು. ಪ್ರತಿಯೊಂದಕ್ಕೂ ಮುಂದಿನ ಐದು ವರ್ಷದ ದರ ಈಗಲೇ ಬರೆಸಿಕೊಳ್ಳಿ. ಟೆಂಡರ್‌ಗೆ ಮೊದಲು ಒಂದು ದಿನ ಖರ್ಚು ಮಾಡಿ ಆ ಸರ್ವೀಸ್ ಸೆಂಟರಿಗೆ ಹೋಗಿ ಬನ್ನಿ. ಅದೇ ಯಂತ್ರ ಇರುವ ಪಕ್ಕದ ಊರಿನ ಚಾಲಕರನ್ನು ಮಾತಾಡಿಸಿ. ಅವರಿಗೆ ಗೊತ್ತಿರುವಷ್ಟು ಯಾವ ಕರಪತ್ರಕ್ಕೂ ಗೊತ್ತಿಲ್ಲ.

ಬರೆಸಿಕೊಂಡರೂ ಅವರು ಬರದಿದ್ದರೆ ಏನು ಮಾಡುವುದು?

ದಂಡದ ಷರತ್ತು ಇರಬೇಕು, ಅದು ಗಂಟೆ ಲೆಕ್ಕದಲ್ಲಿ ಇರಬೇಕು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂದರೆ 208 ಗಂಟೆ. ಅದರಲ್ಲಿ ಶೇ. 95ರಷ್ಟು ಹೊತ್ತು ಯಂತ್ರ ಸಿದ್ಧವಾಗಿರಬೇಕು ಅಂತ ಬರೆದರೆ, ರಿಪೇರಿಗೆ ನಿಲ್ಲಲು ತಿಂಗಳಿಗೆ ಸುಮಾರು 10 ಗಂಟೆ ಸಿಗುತ್ತದೆ. ಅದಕ್ಕಿಂತ ಜಾಸ್ತಿ ನಿಂತ ಪ್ರತಿ ಗಂಟೆಗೂ, ಅಂಥದೇ ಯಂತ್ರದ ಸ್ಥಳೀಯ ಬಾಡಿಗೆಯಷ್ಟು ದಂಡ. ಆ ಹಣದಲ್ಲಿ ನೀವು ಬಾಡಿಗೆ ಯಂತ್ರ ತಂದು ಕೆಲಸ ನಡೆಸಬಹುದು. ವಸೂಲಿಗೆ ಬ್ಯಾಂಕ್ ಗ್ಯಾರಂಟಿ ಕೈಯಲ್ಲಿರಲಿ, ಅದರ ಅವಧಿ ವಾರಂಟಿ ಮುಗಿಯುವವರೆಗೂ ಇರಲಿ. ಗ್ಯಾರಂಟಿಯ ದಿನಾಂಕ ಮುಗಿಯುವುದನ್ನು ನೋಡಿಕೊಳ್ಳದೆ ಹಕ್ಕು ಕಳೆದುಕೊಂಡ ಕಚೇರಿಗಳನ್ನು ನಾನು ಕಂಡಿದ್ದೇನೆ. ಗೋಡೆಯ ಕ್ಯಾಲೆಂಡರ್ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ.

ಗುಣಮಟ್ಟಕ್ಕೆ ಅಂಕ ಕೊಡುವ ಕ್ಯೂಸಿಬಿಎಸ್ ಪದ್ಧತಿ ಬಳಸಬಹುದಾ?

ಕೇಂದ್ರದ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ಒಂದು ಸೂಚನೆ ಹೊರಡಿಸಿತು. ಕಾಮಗಾರಿಗಳಿಗೆ ಮತ್ತು ಸಲಹಾ ಸೇವೆಯಲ್ಲದ ಸೇವೆಗಳಿಗೆ, ಕೆಲವು ಷರತ್ತುಗಳ ಮೇಲೆ, ಗುಣಮಟ್ಟಕ್ಕೆ ಅಂಕ ಕೊಡಬಹುದು, ಆ ಅಂಕ ಶೇ. 30 ಮೀರಬಾರದು ಅಂತ. ಸರಕು ಖರೀದಿಗೆ ಆ ದಾರಿ ತೆರೆದಿಲ್ಲ. ಅದು ಕೇಂದ್ರದ ಇಲಾಖೆಗಳ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ಯಂತ್ರ ಕೊಳ್ಳುವಾಗ ಅಂಕಗಳ ಸಹವಾಸ ಬೇಡ. 100ಕ್ಕೆ ಇವರಿಗೆ 82, ಅವರಿಗೆ 76 ಯಾಕೆ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಆಸೆ, ಒತ್ತಡ, ಪರಿಚಯ ಎಲ್ಲ ನುಸುಳುವುದು ಅಲ್ಲೇ. ಡೀಸೆಲ್ಲು, ಸರ್ವೀಸು, ಬಿಡಿಭಾಗ ಎಲ್ಲವನ್ನೂ ರೂಪಾಯಿಗೆ ತಿರುಗಿಸಿದರೆ ಯಾರು ಕೂಡಿದರೂ ಮೊತ್ತ ಒಂದೇ ಬರುತ್ತದೆ. ರೂಪಾಯಿಗೆ ತಿರುಗಿಸಲಾಗದ್ದನ್ನು, ಉದಾಹರಣೆಗೆ ಸರ್ವೀಸ್ ಸೆಂಟರಿನ ದೂರವನ್ನು, ಇದ್ದರೆ ಪಾಸು, ಇಲ್ಲದಿದ್ದರೆ ಫೇಲು ಅನ್ನುವ ಷರತ್ತಾಗಿ, ಬೆಲೆಗೆ ಮೊದಲು ತೆರೆಯುವ ತಾಂತ್ರಿಕ ಲಕೋಟೆಯಲ್ಲೇ ಮುಗಿಸಿಬಿಡಿ.

ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಕೊಂಡರೆ ಈ ತಲೆನೋವು ಇರುವುದಿಲ್ಲ ಅಲ್ವಾ?

ಜೆಮ್ ಶುರುವಾಗಿದ್ದು 2016ರಲ್ಲಿ. ಅದು ಅಂಗಡಿ ಬೀದಿ ಇದ್ದ ಹಾಗೆ. ಏನು ಬೇಕು ಅಂತ ತೀರ್ಮಾನ ಮಾಡಬೇಕಾದವರು ನೀವೇ. ರಾಜ್ಯದ ಕೆಪಿಪಿಪಿ ಪೋರ್ಟಲ್ ಆದರೂ ಅಷ್ಟೇ. ಪೋರ್ಟಲ್‌ನಿಂದ ಪಾರದರ್ಶಕತೆ ಬರುತ್ತದೆ, ಅದು ದೊಡ್ಡ ಲಾಭ. ಆದರೆ ನೀವು ಬರೀ ಖರೀದಿ ಬೆಲೆ ಕೇಳಿದರೆ ಅದು ಬರೀ ಖರೀದಿ ಬೆಲೆಯನ್ನೇ ಹೋಲಿಸುತ್ತದೆ.

ಕೊಳ್ಳುವ ಬದಲು ಬಾಡಿಗೆಗೆ ತೆಗೆದುಕೊಳ್ಳುವುದು ವಾಸಿಯಾ?

ಬಹಳ ಸಣ್ಣ ಊರುಗಳಿಗೆ ಹೌದು. ಮೇಲಿನ 35 ಲಕ್ಷದ ಯಂತ್ರವನ್ನೇ ತೆಗೆದುಕೊಳ್ಳಿ. ಚಾಲಕರ ಸಂಬಳ, ವಿಮೆ ಸೇರಿ ವರ್ಷಕ್ಕೆ 3 ಲಕ್ಷ ಅನ್ನಿ. ಚಾಲಕ, ಡೀಸೆಲ್ ಸೇರಿ ಬಾಡಿಗೆ ಗಂಟೆಗೆ 1,200 ರೂಪಾಯಿ ಅನ್ನಿ. ಇವೂ ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳೇ. ವರ್ಷಕ್ಕೆ 300 ಗಂಟೆ ಕೆಲಸ ಇದ್ದರೆ ಬಾಡಿಗೆ 3.6 ಲಕ್ಷ, ಸ್ವಂತ ಯಂತ್ರಕ್ಕೆ (10 ವರ್ಷಕ್ಕೆ ಹಂಚಿದ ಬೆಲೆ, ಡೀಸೆಲ್, ಸರ್ವೀಸ್ ಎಲ್ಲ ಸೇರಿ) ಸುಮಾರು 8.3 ಲಕ್ಷ. 1,000 ಗಂಟೆಗೆ ಬಂದಾಗ ಎರಡೂ 12 ಲಕ್ಷದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸಮ. 1,500 ಗಂಟೆಯಾದರೆ ಬಾಡಿಗೆ 18 ಲಕ್ಷ, ಸ್ವಂತದ್ದು 15.5 ಲಕ್ಷ.

ಹೀಗಾಗಿ ದಿನಾ ಕೆಲಸ ಇರುವ ಕಸ ವಿಲೇವಾರಿ ಘಟಕಕ್ಕೆ ಸ್ವಂತ ಯಂತ್ರ ಸರಿ. ವಾರಕ್ಕೊಮ್ಮೆ ಚರಂಡಿ ಹೂಳು ತೆಗೆಯಲು ಬಾಡಿಗೆ ಸರಿ. ಊರಿಗೊಂದು ಜೆಸಿಬಿ ಇರಲೇಬೇಕು ಅನ್ನುವ ಹಟಕ್ಕೆ ಅರ್ಥ ಇಲ್ಲ.

ಕೊಳಚೆ ಹೀರುವ ಸಕ್ಕಿಂಗ್ ಯಂತ್ರ, ಜೆಟ್ಟಿಂಗ್ ಯಂತ್ರ, ಇವುಗಳ ವಿಷಯ ಮಾತ್ರ ಬೇರೆ. ಅವು ಬೇಕಾದ ರಾತ್ರಿ ಬಾಡಿಗೆಗೆ ಸಿಗುವುದಿಲ್ಲ. ಸಿಗದ ರಾತ್ರಿಯೇ ಯಾರನ್ನೋ ಕೆಳಗಿಳಿಸುವ ಯೋಚನೆ ಬರುತ್ತದೆ. ಗಂಟೆ ಲೆಕ್ಕ ಏನೇ ಹೇಳಲಿ, ಒಳಚರಂಡಿ ಇರುವ ಊರಿಗೆ ಅದು ಸ್ವಂತದ್ದೇ ಇರಬೇಕು.

ಪಕ್ಕದ ಊರಿನವರ ಜೊತೆ ಸೇರಿ ಕೊಳ್ಳಬಹುದಾ?

ಅಮೆರಿಕದಲ್ಲಿ ಇದು ಬಹಳ ಬಳಕೆಯಲ್ಲಿದೆ. ಮಿನ್ನೆಸೋಟಾದ ಸೋರ್ಸ್‌ವೆಲ್ ಎಂಬ ಸಾರ್ವಜನಿಕ ಸಂಸ್ಥೆ ಸ್ಪರ್ಧೆ ನಡೆಸಿ ಒಪ್ಪಂದ ಮಾಡಿಡುತ್ತದೆ. ಸಣ್ಣ ಊರುಗಳು, ಶಾಲೆಗಳು ಅದರ ಮೇಲೆ ಲೋಡರ್, ಗ್ರೇಡರ್ ಕೊಳ್ಳುತ್ತವೆ. ಯುರೋಪಿಯನ್ ಒಕ್ಕೂಟದ 2014ರ ಖರೀದಿ ನಿರ್ದೇಶನದಲ್ಲಂತೂ ಯಂತ್ರದ ಜೀವಮಾನದ ಖರ್ಚು ಲೆಕ್ಕ ಹಾಕುವುದಕ್ಕೇ ಒಂದು ವಿಧಿ ಇದೆ.

ನಮ್ಮಲ್ಲಿ ಜಿಲ್ಲೆಗೊಂದು ನಗರಾಭಿವೃದ್ಧಿ ಕೋಶ ಇದೆ. ಜಿಲ್ಲೆಯ ಏಳೆಂಟು ಊರುಗಳ ಬೇಡಿಕೆಯನ್ನು ಅಲ್ಲಿ ಒಟ್ಟು ಮಾಡಿದರೆ ಕಂಪನಿಗಳು ಬೇರೆ ಥರವೇ ಮಾತಾಡುತ್ತವೆ. ಒಂದು ಯಂತ್ರಕ್ಕಾಗಿ ಯಾರೂ ಸರ್ವೀಸ್ ವ್ಯಾನ್ ಇಡುವುದಿಲ್ಲ. ಎಂಟು ಯಂತ್ರ ಇದ್ದರೆ ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಇರಿಸಿ ಅಂತ ಕೇಳುವ ಧೈರ್ಯ ನಮಗೂ ಬರುತ್ತದೆ.

ಚೀನಾದ ಯಂತ್ರ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬಹುದಾ?

ಭಾರತದ ಜೊತೆ ಭೂಗಡಿ ಇರುವ ದೇಶಗಳ ಕಂಪನಿಗಳು ಸರ್ಕಾರಿ ಟೆಂಡರ್‌ನಲ್ಲಿ ಭಾಗವಹಿಸಬೇಕಾದರೆ ಮೊದಲು ಸಕ್ಷಮ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. 2020ರ ಜುಲೈನಲ್ಲಿ ಬಂದ ಆದೇಶ ಇದು. ರಾಜ್ಯ ಸರ್ಕಾರಗಳಿಗೂ ಅನ್ವಯಿಸುತ್ತದೆ. ನೋಂದಣಿ ಪತ್ರ ಕೇಳಿ ನೋಡಿ.

ನಮ್ಮ ರಾಜ್ಯದಲ್ಲೇ ಇಂಥ ಯಂತ್ರಗಳು ತಯಾರಾಗುತ್ತವೆ ಅನ್ನುವುದೂ ನೆನಪಿರಲಿ. 1964ರಲ್ಲಿ ಶುರುವಾದ ಬಿಇಎಂಎಲ್‌ನ ಕಾರ್ಖಾನೆಗಳು ಕೆಜಿಎಫ್ ಮತ್ತು ಮೈಸೂರಿನಲ್ಲಿವೆ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿದೆ. ಹತ್ತಿರದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಕೊಡಬೇಕು ಅಂತಲ್ಲ. ಬಿಡಿಭಾಗ ಎಷ್ಟು ಬೇಗ ಬರುತ್ತದೆ ಅನ್ನುವ ಪ್ರಶ್ನೆಗೆ ಅದು ಒಂದು ಉತ್ತರ.

ಎಲ್‌1 ಬಿಟ್ಟು ಬೇರೆಯವರಿಗೆ ಕೊಟ್ಟರೆ ಆಡಿಟ್ ಆಕ್ಷೇಪಣೆ, ಲೋಕಾಯುಕ್ತ ದೂರು ಬರುತ್ತದೆ. ಹೆದರಿಕೆ ಆಗುತ್ತದೆ ಸರ್.

ಆಗುವುದು ಸಹಜ. ಪಿಂಚಣಿ ಹತ್ತಿರ ಇರುವವರಿಗೆ ಇನ್ನೂ ಜಾಸ್ತಿ. ಆದರೆ ಮಾತನ್ನು ಸರಿಯಾಗಿ ಇಟ್ಟುಕೊಳ್ಳಿ. ನೀವು ಎಲ್‌1 ಬಿಡುತ್ತಿಲ್ಲ. ಟೆಂಡರ್‌ನಲ್ಲಿ ಬರೆದ ಸೂತ್ರದ ಪ್ರಕಾರ ಲೆಕ್ಕ ಹಾಕಿದಾಗ ಯಾರು ಕಡಿಮೆಯೋ ಅವರೇ ಎಲ್‌1. ಕಡತದ ಟಿಪ್ಪಣಿಯಲ್ಲಿ ಇದೇ ವಾಕ್ಯ ಇರಲಿ.

ಕೋರ್ಟುಗಳೂ ಈ ವಿಷಯದಲ್ಲಿ ಅಧಿಕಾರಿಗಳ ಕೈ ಕಟ್ಟಿಲ್ಲ. ಟೆಂಡರ್ ತೀರ್ಮಾನದ ಮೇಲೆ ತಾನು ಮೇಲ್ಮನವಿ ಪ್ರಾಧಿಕಾರದ ಹಾಗೆ ಕೂರುವುದಿಲ್ಲ, ತೀರ್ಮಾನ ಮಾಡಿದ ರೀತಿ ಸರಿಯಿದೆಯಾ ಅಂತ ಮಾತ್ರ ನೋಡುತ್ತೇನೆ ಅಂತ ಸುಪ್ರೀಂ ಕೋರ್ಟ್ 1994ರ ಟಾಟಾ ಸೆಲ್ಯುಲರ್ ಪ್ರಕರಣದಲ್ಲಿ ಹೇಳಿದೆ. ಆಮೇಲೆ ಬಂದ ರೌನಕ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ, ಬೆಲೆಯ ಜೊತೆಗೆ ಏನೇನು ನೋಡಬಹುದು ಅಂತ ಪಟ್ಟಿಯನ್ನೇ ಕೊಟ್ಟಿದೆ. ಸರಕು ಬೇಕಾದ ಗುಣಮಟ್ಟದ್ದಾ, ಒದಗಿಸುವ ಶಕ್ತಿ ಇದೆಯಾ, ಆಮೇಲೆ ದೋಷ ಸರಿಪಡಿಸಿ ಸೇವೆ ಕೊಡಬಲ್ಲರಾ, ಇವೆಲ್ಲ ಆ ಪಟ್ಟಿಯಲ್ಲಿವೆ.

ಸೋತವರು ಕೆಟಿಪಿಪಿ ಕಾಯ್ದೆಯ 16ನೇ ಕಲಂ ಪ್ರಕಾರ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಕಲಿ. ಅದು ಅವರ ಹಕ್ಕು. ಲಾಗ್ ಬುಕ್‌ನ ಪ್ರತಿ, ಪರೀಕ್ಷೆಯ ವಿಡಿಯೊ, ಲೆಕ್ಕದ ಹಾಳೆ ಇದ್ದರೆ ನೀವು ಹೆದರಬೇಕಾದ್ದಿಲ್ಲ. ಬಾಯಿಮಾತಿನ ಸೂಚನೆಗೆ ಸಹಿ ಹಾಕಿದ್ದರೆ ಹೆದರಬೇಕು.

ಯಂತ್ರ ಬಂದ ದಿನ ಏನು ನೋಡಬೇಕು?

ಹೂವಿನ ಹಾರ, ಪೂಜೆ ಆಮೇಲೆ. ಮೊದಲು ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಾದ ವರ್ಷ ನೋಡಿ. ಅವರ್ ಮೀಟರ್‌ನಲ್ಲಿ ಎಷ್ಟು ಗಂಟೆ ಇದೆ ನೋಡಿ. ಕೆಲವೊಮ್ಮೆ ಪ್ರದರ್ಶನಕ್ಕೆ ಓಡಿಸಿದ ಯಂತ್ರವನ್ನೇ ಕಳಿಸುತ್ತಾರೆ. ಹೊಗೆ ಮಾನದಂಡದ ಪ್ರಮಾಣಪತ್ರ ಕೇಳಿ. ನಿರ್ಮಾಣ ಯಂತ್ರಗಳಿಗೆ 2025ರ ಜನವರಿ 1ರಿಂದ ಐದನೇ ಹಂತದ ಮಾನದಂಡ ಜಾರಿಗೆ ಬಂದಿದೆ. ಕೆಲಸ ಮಾಡಿಸಿ ನೋಡದೆ ಸ್ವೀಕೃತಿಗೆ ಸಹಿ ಬೇಡ.

ಚಾಲಕರಿಗೆ ತರಬೇತಿ ಅಂತ ಅರ್ಧ ದಿನ ತೋರಿಸಿ ಹೋಗುವುದು ಸಾಲದು. ಕನ್ನಡದಲ್ಲಿ ಕೈಪಿಡಿ, ಕನಿಷ್ಠ ಇಬ್ಬರಿಗೆ ಒಂದು ವಾರ ತರಬೇತಿ ಕೇಳಿ. ದಿನಾ ಬೆಳಿಗ್ಗೆ ಗ್ರೀಸ್ ಹಾಕುವ, ಆಯಿಲ್ ನೋಡುವ ಚಾಲಕ ಇದ್ದರೆ ಯಂತ್ರದ ಆಯುಸ್ಸು ಜಾಸ್ತಿ. ಅವರನ್ನು ಹೊರಗುತ್ತಿಗೆಯಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸುವ ಕಚೇರಿ ಎಂಥ ಒಳ್ಳೆ ಯಂತ್ರ ಕೊಂಡರೂ ಉಳಿಸಿಕೊಳ್ಳಲಾರದು.

ನಾನು ಸಾಮಾನ್ಯ ನಾಗರಿಕ. ನಮ್ಮೂರಿನ ಯಂತ್ರ ವರ್ಷದಿಂದ ಶೆಡ್‌ನಲ್ಲಿ ನಿಂತಿದೆ. ಏನು ಮಾಡಬಹುದು?

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದ ಮೀರಬಾರದು. ಅದಕ್ಕೇ ನೇರವಾಗಿ ಕೇಳಿ: ಖರೀದಿ ಆದೇಶದ ಪ್ರತಿ, ಕಳೆದ ವರ್ಷದ ಲಾಗ್ ಬುಕ್ ಪ್ರತಿ, ನಿರ್ವಹಣೆ ಒಪ್ಪಂದದ ಪ್ರತಿ, ಕಂಪನಿಗೆ ಬರೆದ ದೂರು ಪತ್ರಗಳ ಪ್ರತಿ, ವಸೂಲು ಮಾಡಿದ ದಂಡದ ವಿವರ. ಕೊನೆಯ ಎರಡಕ್ಕೆ "ಇಲ್ಲ" ಅಂತ ಉತ್ತರ ಬಂದರೆ, ಅದನ್ನು ಹಿಡಿದು ನಿಮ್ಮ ವಾರ್ಡ್ ಸದಸ್ಯರ ಬಳಿ ಹೋಗಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಕೇಳಲು ಅವರಿಗೂ ಒಂದು ಆಧಾರ ಸಿಗುತ್ತದೆ.

ಹಳೆಯ ಯಂತ್ರವನ್ನು ಎಷ್ಟು ವರ್ಷ ಇಟ್ಟುಕೊಳ್ಳಬಹುದು?

ಸರ್ಕಾರಿ ಸಂಸ್ಥೆಗಳ ಹೆಸರಿನಲ್ಲಿರುವ, 15 ವರ್ಷ ದಾಟಿದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ಸ್ಥಳೀಯ ಸಂಸ್ಥೆಗಳೂ ಇದರಲ್ಲಿ ಸೇರಿವೆ. ಅವಧಿ ಮುಗಿದ ವಾಹನ ನೋಂದಾಯಿತ ಗುಜರಿ ಘಟಕಕ್ಕೇ ಹೋಗಬೇಕು. ಆದರೆ 15ನೇ ವರ್ಷದವರೆಗೆ ಕಾಯಬೇಕು ಅಂತೇನಿಲ್ಲ. ರಿಪೇರಿ ಬಿಲ್ಲುಗಳನ್ನು ವರ್ಷವಾರು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಒಂದು ವರ್ಷದ ರಿಪೇರಿ ಖರ್ಚು ಅದೇ ಅವಧಿಯ ಬಾಡಿಗೆಯನ್ನು ದಾಟಿತು ಅಂದರೆ ಹರಾಜಿನ ಕಡತ ಶುರು ಮಾಡಿ. ಓಡುವ ಸ್ಥಿತಿಯಲ್ಲಿದ್ದಾಗಲೇ ಇ-ಹರಾಜಿಗೆ ಹಾಕಿದರೆ ಒಳ್ಳೆಯ ಬೆಲೆ ಬರುತ್ತದೆ. ಎರಡು ಮಳೆಗಾಲ ಬಯಲಿನಲ್ಲಿ ತುಕ್ಕು ಹಿಡಿದು, ಬ್ಯಾಟರಿ, ಟೈರು ಕಾಣೆಯಾದ ಮೇಲೆ ತೂಕದ ಲೆಕ್ಕದಲ್ಲಿ ಕೊಡಬೇಕಾಗುತ್ತದೆ.